ಅಂಚೆಯಲ್ಲಿ ಹೋದ ಓಟು

ಅದು ಎಪ್ಪತ್ತರ ದಶಕದ ಕೊನೆಯ ಚುನಾವಣೆಯೋ ಎಂಬತ್ತರ ದಶಕದ ಮೊದಲನೆಯದೋ, ಖಚಿತವಾಗಿ ಹೇಳಲಾರೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸೈನ್ಯದ ಸಂಪರ್ಕ ವಿಭಾಗಕ್ಕೆ ಸೇರಿದವನು ನಾನು. ಇಷ್ಟು ಗೊತ್ತಿಲ್ಲದೆ ಬರೆಯಲು ಕೂತಿರುವುದು ನನಗೇ ಸರಿಬರುವುದಿಲ್ಲ. ಸಿಟ್ಟು ಮಾತ್ರ ಮಾಸಿಲ್ಲ.

ರಜೆಯ ಮೇಲೆ ಬೆಂಗಳೂರಿನ ಅಂಚಿನ ಇಟ್ಟಮಡುವಿನ ಮನೆಗೆ ಬಂದಿದ್ದೆ. ಆಗಿನ ಇಟ್ಟಮಡು ಅರ್ಧ ಹಳ್ಳಿ, ಅರ್ಧ ಬಡಾವಣೆ. ಬೀದಿಗೆ ಒಂದೇ ನಲ್ಲಿ, ಅದೂ ದಿನ ಬಿಟ್ಟು ದಿನ. ನನ್ನ ಹೆಂಡತಿ ಕೊಡ ಹಿಡಿದು ಸಾಲಿನಲ್ಲಿ ನಿಂತು ಬರುವುದನ್ನು ನೋಡಿ, ಹಿಂದಿನ ಸಲ ಗೆದ್ದವನಿಗೆ ಈ ಸಲ ಓಟು ಹಾಕಬಾರದು ಎಂದು ಮೊದಲ ದಿನವೇ ನಿರ್ಧರಿಸಿದ್ದೆ.

ಮತದಾನದ ದಿನ ಅಪ್ಪ, ನಾನು, ಅವಳು ಮೂವರೂ ಶಾಲೆಗೆ ಹೋದೆವು. ಅವರಿಬ್ಬರ ಹೆಸರು ಸಿಕ್ಕಿತು. ನನ್ನದು ಸಿಗಲಿಲ್ಲ. ಮೇಜಿನ ಹಿಂದಿದ್ದ ಅಧಿಕಾರಿ ಪಟ್ಟಿಯಿಂದ ತಲೆಯೆತ್ತಿ ನನ್ನ ಕೂದಲು ನೋಡಿದರು.

"ಮಿಲಿಟರೀಲಿದೀರಾ ಸಾರ್?"

"ಹೌದು."

"ಹಾಗಾದ್ರೆ ಯೂನಿಟ್ಟಲ್ಲಿ ಫಾರಂ ತುಂಬಿರ್ತೀರಿ. ಇದೇ ವಿಳಾಸಕ್ಕೆ ಮಿಲಿಟರಿಯವರ ಬೇರೆ ಪಟ್ಟೀಲಿ ಹೆಸರಿರುತ್ತೆ. ನಿಮ್ಮ ಬ್ಯಾಲೆಟ್ ಪೇಪರ್ ಅಂಚೇಲಿ ಅಲ್ಲಿಗೇ ಹೋಗಿರುತ್ತೆ."

"ನಾನು ಇಲ್ಲೇ ಇದೀನಲ್ರೀ!"

"ನೀವು ಇಲ್ಲಿದೀರ, ಕಾಗದ ಅಲ್ಲಿದೆ. ನಾನೇನ್ ಮಾಡ್ಲಿ ಸಾರ್?"

ಗೋಡೆಯ ಪಕ್ಕ ಕೂತಿದ್ದ ಪಕ್ಷದ ಏಜೆಂಟ್ ಹುಡುಗನೊಬ್ಬ ನಕ್ಕ. "ಬಿಡಿ ಅಣ್ಣ, ನೀವು ದೇಶ ಕಾಯ್ರಿ, ಇಟ್ಟಮಡು ನಾವ್ ಕಾಯ್ತೀವಿ."

ಕಾಯುವುದೆಂದರೆ ಅವನ ಅರ್ಥದಲ್ಲಿ ಏನು ಎಂಬುದು ನಲ್ಲಿಯ ಮುಂದಿನ ಸಾಲಿಗೆ ಗೊತ್ತಿತ್ತು. ನಾನು ಏನೋ ಕಿರುಚಿದೆ. ಏನೆಂದು ನೆನಪಿಲ್ಲ, ಇಂಗ್ಲಿಷಿನಲ್ಲಿ ಕಿರುಚಿದೆನೆಂದು ಹೆಂಡತಿ ಹೇಳುತ್ತಾಳೆ, ನಾನು ನಂಬುವುದಿಲ್ಲ. ಪೊಲೀಸಿನವನು ನನ್ನನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸಿದ. ಅಪ್ಪನೂ ಅವಳೂ ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುವವರೆಗೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ.

ಮನೆಗೆ ಬಂದವನೇ ಹೇಳಿದೆ: ಮುಂದಿನ ವರ್ಗಾವಣೆ ಸಂಸಾರ ಇಟ್ಟುಕೊಳ್ಳುವಂಥ ಊರಿಗೆ ಆಗುತ್ತದೆ, ಈ ಅಂಚೆಯ ಓಟನ್ನು ಬಿಟ್ಟು ಅಲ್ಲೇ ಸಾಮಾನ್ಯ ಮತದಾರನಾಗಿ ಹೆಸರು ಬರೆಸುತ್ತೇನೆ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಮ್ಮದು ರೆವಿನ್ಯೂ ಸೈಟು, ಸರಿಯಾದ ಕಾಗದಪತ್ರವಿಲ್ಲದ ಜಾಗ. ಸರ್ಕಾರ ಯಾವತ್ತಾದರೂ ಬಂದು ಮನೆ ಕೆಡವೀತು ಎಂಬ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ.

"ಈ ವಿಳಾಸದಿಂದ ಹೆಸರು ತೆಗೆಸ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ? ರೇಷನ್ ಕಾರ್ಡು, ಓಟರ್ ಲಿಸ್ಟು, ಇವೆರಡೇ ಕಣಯ್ಯಾ ನಮಗಿರೋ ಪತ್ರ. ಮಿಲಿಟ್ರಿ ಆಫೀಸರ್ ಮನೆ ಅಂದ್ರೆ ಕೆಡವೋಕೆ ಬಂದೋನೂ ಒಂದ್ಸಲ ಯೋಚಿಸ್ತಾನೆ."

"ಅಪ್ಪಾ, ನನ್ನ ಓಟು ಮನೆಗೆ ಹೊಡೆಯೋ ಬೋರ್ಡಲ್ಲ."

"ಮತ್ತೇನು? ನಿನ್ನ ಒಂದು ಓಟಿಂದ ಯಾವನು ಸೋಲ್ತಾನೋ?"

ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ರೀ, ಅಲ್ಲಿ ಹಾಕಿದ್ರೆ ಇಲ್ಲಿ ನೀರು ಬರುತ್ತಾ?" ಎಂದಳು.

ಇಬ್ಬರ ಮಾತಿಗೂ ಇನ್ನಷ್ಟು ಸಿಟ್ಟು ಬಂತು. ಇಲ್ಲಿ ಹೆಸರಿಟ್ಟರೆ ನನ್ನ ಓಟು ನಾನಿರುವ ಬೆಟ್ಟದ ತುದಿಯ ಠಾಣೆಗೆ ಹೋಗಿ ಎಣಿಕೆ ಮುಗಿದ ಮೇಲೆ ಹಿಂತಿರುಗುತ್ತದೆ. ಅಲ್ಲಿ ಬರೆಸಿದರೆ ಓಟು ಪೆಟ್ಟಿಗೆಗೆ ಬೀಳುತ್ತದೆ, ಆದರೆ ನನ್ನದಲ್ಲದ ಊರಿನ ಪೆಟ್ಟಿಗೆಗೆ. ಇಂಥ ಆಯ್ಕೆಯನ್ನು ಮುಂದಿಟ್ಟವರು ಆಗಸ್ಟ್ ಹದಿನೈದರಂದು ನಮ್ಮನ್ನು ಹೊಗಳುವವರೇ.

ರಜೆ ಮುಗಿಸಿ ಹೋದಾಗ ಲಕೋಟೆ ನನ್ನ ಮೇಜಿನ ಮೇಲಿತ್ತು. ಯಾರು ಗೆದ್ದರೆಂದು ರೇಡಿಯೋ ಆಗಲೇ ಹೇಳಿತ್ತು. ನಲ್ಲಿಯ ಸಿಟ್ಟಿಗೆ ನಾನು ಸೋಲಿಸಬೇಕೆಂದಿದ್ದವನೇ ಗೆದ್ದಿದ್ದ.

ಮುಂದೆ ಉತ್ತರದ ಒಂದು ದಂಡಿನ ಊರಿಗೆ ವರ್ಗವಾಯಿತು. ಹೆಂಡತಿಯೂ ಬಂದಳು, ಅಪ್ಪ ಇಟ್ಟಮಡು ಬಿಡಲಿಲ್ಲ. ಮೂರು ವರ್ಷವಾದ ಮೇಲೆ ಹೆಸರು ಬರೆಸಲು ಹೋದರೆ ಅಲ್ಲಿನ ಪಕ್ಷದವರ ತಕರಾರು: ಫೌಜಿಗಳು ಇವತ್ತು ಬಂದು ನಾಳೆ ಹೋಗುವವರು, ಅವರ ಓಟು ನಮ್ಮೂರಿಗೇಕೆ? ಇಟ್ಟಮಡುವಿನಲ್ಲಿ ನಾನು ಹೋದವನು, ಇಲ್ಲಿ ಹೋಗುವವನು. ಹಟ ಹಿಡಿದೆ. ಕ್ವಾರ್ಟರ್ಸಿನ ಬಾಗಿಲಿಗೆ ತನಿಖೆಗೆ ಬಂದ ಗುಮಾಸ್ತನಿಗೆ ಹೆಂಡತಿ, ಕುಂಡದಲ್ಲಿ ಬೆಳೆದಿದ್ದ ಕರಿಬೇವಿನ ಗಿಡ ತೋರಿಸಿ, ತನ್ನ ಅರೆಬರೆ ಹಿಂದಿಯಲ್ಲಿ ಜಗಳವಾಡಿದಳು: "ಇದು ನಾನೇ ನೆಟ್ಟಿದ್ದು, ಇಷ್ಟೆತ್ತರ ಆಗೋಕೆ ಎಷ್ಟು ದಿನ ಬೇಕು, ನೀವೇ ಹೇಳಿ." ನಮ್ಮಿಬ್ಬರ ಹೆಸರೂ ಸೇರಿತು.

ಚುನಾವಣೆ ಬಂದಾಗ ಸಾಲಿನಲ್ಲಿ ನಿಂತು ಮುದ್ರೆ ಒತ್ತಿದೆ. ಆ ಊರಿನಲ್ಲಿ ಯಾರು ಗೆದ್ದರು, ನಾನು ಯಾರಿಗೆ ಒತ್ತಿದೆ ಎಂಬುದು ಕೂಡ ಈಗ ನೆನಪಿಲ್ಲ. ನೆನಪಿರುವುದು ಬೇರೆ. ಎಣಿಕೆಯ ರಾತ್ರಿ ಮೆಸ್ಸಿನಲ್ಲಿ ರೇಡಿಯೋಗೆ ಕಿವಿ ಹಚ್ಚಿ, ಬೆಂಗಳೂರಿನ ನಮ್ಮ ಕ್ಷೇತ್ರದ ಫಲಿತಾಂಶಕ್ಕೆ ಕಾದೆ. ಅವನೇ ಮತ್ತೆ ಗೆದ್ದ. ಪಕ್ಕದಲ್ಲಿದ್ದವರು ಬೆಚ್ಚುವ ಹಾಗೆ ಕನ್ನಡದಲ್ಲಿ ಬೈದೆ.