ಅಪ್ಪ ಮೀನು ಆರಿಸಲು ಕರೆದಾಗ

ಆರಿಸುವುದೇ ನಮ್ಮ ಅಪ್ಪನ ಉದ್ಯೋಗ. ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ, ಸುಟ್ಟು ಇಳಿಸಿದ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಗಟ್ಟಿಯಾದದ್ದು ಯಾವುದು, ಬಿರುಕು ಬಿಟ್ಟದ್ದು ಯಾವುದು ಎಂದು ಬೇರೆ ಮಾಡುತ್ತಿದ್ದರು. ಅವರು ಬೇಡವೆಂದ ಹಂಚನ್ನು ಹಡಗಿಗೆ ಏರಿಸುವ ಧೈರ್ಯ ಸಾಹೇಬನಿಗೂ ಇರಲಿಲ್ಲವಂತೆ. ಇದು ಅಪ್ಪನೇ ಹೇಳಿದ ಮಾತಾದ್ದರಿಂದ ಸ್ವಲ್ಪ ಕಳೆದು ನಂಬಬೇಕು. ಆದರೆ ಆ ಚಾಳಿ ಮನೆಗೂ ಬಂದಿತ್ತು. ತೆಂಗಿನಕಾಯಿ, ಹಲಸಿನ ಹಣ್ಣು, ಹೊಸ ಮಡಕೆ, ಎದುರಿಗೆ ಸಿಕ್ಕರೆ ನಮ್ಮ ತಲೆ, ಎಲ್ಲವನ್ನೂ ತಟ್ಟಿ ನೋಡುತ್ತಿದ್ದರು.

ಇಷ್ಟು ಆರಿಸಬಲ್ಲ ಮನುಷ್ಯನಿಗೆ ತನ್ನ ಇಬ್ಬರು ಹೆಣ್ಣುಮಕ್ಕಳ ವಿಷಯದಲ್ಲಿ ಏನನ್ನೂ ಆರಿಸುವ ಹಕ್ಕಿರಲಿಲ್ಲ. ನಮ್ಮದು ಅಳಿಯಸಂತಾನದ ಕಟ್ಟು. ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು. ಆ ಮನೆತನಕ್ಕೆ ಯಜಮಾನರು ಅಮ್ಮನ ಅಣ್ಣ, ನಮ್ಮ ಮಾವ. ನಾವಿದ್ದದ್ದು ಮಂಗಳೂರಿನಲ್ಲಿ, ಅಪ್ಪ ಹಿಡಿದ ಬಾಡಿಗೆ ಮನೆಯಲ್ಲಿ. ಉಣ್ಣುತ್ತಿದ್ದದ್ದು ಅಪ್ಪನ ದುಡಿಮೆಯಲ್ಲಿ. ಅಪ್ಪನ ದಪ್ಪ ಮೂಗನ್ನೇ ಅಕ್ಕನೂ ನಾನೂ ಹೊತ್ತು ತಿರುಗುತ್ತಿದ್ದೆವು. ಆದರೂ ನಮ್ಮ ಮದುವೆಯ ಮಾತು ಬಂದಾಗ ನಿಶ್ಚಯ ಮಾಡುವವರು ಮಾವ. ಅಪ್ಪನಿಗೆ ವಿಷಯ ತಿಳಿಸುತ್ತಿದ್ದರು, ಅಷ್ಟೇ. ಈ ಕಟ್ಟಿನಲ್ಲಿ ಹೆಂಗಸರಿಗೆ ಎಂಥ ಸ್ಥಾನವಿತ್ತು ಎಂದು ಈಗ ಕೆಲವರು ವೇದಿಕೆ ಹತ್ತಿ ಭಾಷಣ ಮಾಡುತ್ತಾರೆ. ಇದ್ದಿರಬಹುದು. ನಮ್ಮನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಅಕ್ಕನಿಗೆ ಆಗ ಹದಿನೈದು ವರ್ಷ. ಕಾನ್ವೆಂಟ್ ಶಾಲೆಗೆ ಹೋಗುತ್ತಿದ್ದಳು. ಮೆಟ್ರಿಕ್ ಮುಗಿಸಿ ಟೀಚರಾಗಬೇಕು ಎಂಬುದು ಅವಳ ಹಂಬಲ. ಅದಕ್ಕೆ ಉಳಿದದ್ದು ಇನ್ನೊಂದೇ ವರ್ಷ. ಊಟದ ಮೇಲೆ ನನ್ನನ್ನು ಮೆಟ್ಟಿಲಲ್ಲಿ ಕೂರಿಸಿ ಪಾಠ ಮಾಡುತ್ತಿದ್ದಳು, ತಪ್ಪಿದರೆ ಕಿವಿ ಹಿಂಡುತ್ತಿದ್ದಳು. ಟೀಚರಾಗುವ ಲಕ್ಷಣವೆಲ್ಲ ಅವಳಲ್ಲಿತ್ತು.

ಒಂದು ಸಂಜೆ ಅಪ್ಪ ಬೇಗ ಬಂದರು. ಕೈಕಾಲು ತೊಳೆಯದೆ ಅಂಗಳದಲ್ಲೇ ನಿಂತು ಅಕ್ಕನನ್ನು ಕರೆದರು.

“ಬಾ ಮಗಾ. ಬಂದರಿನಲ್ಲಿ ಬಣ್ಣದ ಮೀನು ಬಂದಿದೆಯಂತೆ, ಸಣ್ಣ ಸಣ್ಣದು. ಗಾಜಿನ ಭರಣಿಯಲ್ಲಿ ಸಾಕುವುದಂತೆ. ನೋಡಿ ಬರುವ.”

ಅಮ್ಮ ಒಳಗಿನಿಂದಲೇ ಕೇಳಿದಳು. “ಸಾರಿಗೆ ಆಗದ ಮೀನು ಎಂತಕ್ಕೆ?”

ಅಪ್ಪ ಹಾಲಿನ ಪಾತ್ರೆ ಎತ್ತಿಕೊಂಡು ಅಕ್ಕನ ಜೊತೆ ಅಂಗಳ ದಾಟಿದರು. ಬಾಲದಂತೆ ನಾನೂ ಹೊರಟೆ.

ಹಿಂದೆ ಬೊಂಬಾಯಿಯ ಹಡಗಿನಲ್ಲಿ ಬಟ್ಲರ್ ಆಗಿದ್ದ ಒಬ್ಬ ಮುದುಕ ಬಂದರಿನ ಹತ್ತಿರ ಮೀನು ಇಟ್ಟುಕೊಂಡಿದ್ದ. ಅವನ ಜಗಲಿಯಿಂದ ಹೊಳೆಯೂ ಆಚೆ ಬೆಂಗ್ರೆಯ ದೋಣಿಗಳೂ ಕಾಣುತ್ತಿದ್ದವು. ಅಲ್ಲಿ ಬುಟ್ಟಿಗಟ್ಟಲೆ ಬಂಗುಡೆ ಮೀನು ಇಳಿಯುತ್ತಿತ್ತು. ಇಲ್ಲಿ ಜಗಲಿಯ ಮೇಲೆ ಸಾಲಾಗಿ ಇಟ್ಟ ಪೆಪ್ಪರಮಿಂಟಿನ ಭರಣಿಗಳಲ್ಲಿ ಬೆರಳುದ್ದವೂ ಇಲ್ಲದ ಮೀನುಗಳು. ಕುಂಕುಮದಂಥ ಕೆಂಪಿನವು, ಬಾಲದ ಕೆಳಗೆ ಕತ್ತಿಯಂತೆ ಒಂದು ಚೂಪು. ಕಾಡಿಗೆಯಷ್ಟು ಕಪ್ಪಿನವು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ಬಾಲದಲ್ಲಿ ನವಿಲಿನ ಬಣ್ಣ. ಹುಟ್ಟಿದಂದಿನಿಂದ ಮೀನು ನೋಡಿಕೊಂಡೇ ಬೆಳೆದ ನಾನು ಇಂಥದ್ದನ್ನು ನೋಡಿರಲಿಲ್ಲ. ಇವು ನಿಜವಾದ ಮೀನೇ ಹೌದೋ ಎಂದು ಅನುಮಾನವಾಯಿತು.

“ಯಾವುದು ಬೇಕೋ ನೀನೇ ಆರಿಸು,” ಎಂದರು ಅಪ್ಪ ಅಕ್ಕನಿಗೆ. “ನಾನು ಎಂತದೂ ಹೇಳುವುದಿಲ್ಲ. ನೀನು ಹೇಳಿದ್ದೇ.”

ಅಕ್ಕ ಮೊದಲು ನಾಚಿಕೊಂಡಳು. ಆಮೇಲೆ ಮೊಣಕಾಲೂರಿ ಕೂತು ಒಂದೊಂದು ಭರಣಿಗೂ ಕಣ್ಣು ಹಚ್ಚಿ ನೋಡತೊಡಗಿದಳು. ಇದು ಎಂದಳು, ಅಲ್ಲ ಅದು ಎಂದಳು, ಕೆಂಪಿನದರಲ್ಲಿ ಎರಡು ಎಂದಳು, ಮತ್ತೆ ಮೊದಲಿನ ಭರಣಿಗೆ ಹೋದಳು. ಮುದುಕ ಜಾಲರಿ ಹಿಡಿದುಕೊಂಡು ನಿಂತೇ ಇದ್ದ. ಅವನಿಗೆ ತಾಳ್ಮೆ ತಪ್ಪಿದಾಗಲೆಲ್ಲ ಅಪ್ಪ, “ಇರಲಿ ಮಾರಾಯ, ನೋಡಲಿ. ಗಡಿಬಿಡಿ ಎಂತ ಉಂಟು?” ಎನ್ನುತ್ತಿದ್ದರು. ಮೀನಿನಂಗಡಿಯಲ್ಲಿ ಚೌಕಾಸಿ ಮಾಡಿ ದಡಬಡ ಹೊರಡುವ ಅಪ್ಪ ಅಂದು ಕಂಬಕ್ಕೆ ಒರಗಿ ಅಕ್ಕನನ್ನೇ ನೋಡುತ್ತಿದ್ದರು. ಕೊನೆಗೆ ಕೆಂಪಿನವು ಎರಡು, ನವಿಲುಬಣ್ಣದವು ನಾಲ್ಕು ಎಂದು ಅಕ್ಕ ತೀರ್ಮಾನ ಕೊಟ್ಟಳು. ಹಾಲಿನ ಪಾತ್ರೆಯಲ್ಲಿ ಅವನ್ನು ತುಳುಕದಂತೆ ಹಿಡಿದು ಮನೆಯವರೆಗೂ ಅವಳೇ ನಡೆದಳು.

ನಮ್ಮ ನಡುಮನೆಯ ಮಾಡಿನಲ್ಲಿ ಬೆಳಕಿಗೆಂದು ಒಂದು ಗಾಜಿನ ಹಂಚಿತ್ತು, ಅಪ್ಪ ಕಾರ್ಖಾನೆಯಿಂದ ತಂದದ್ದು. ಮರುದಿನ ಬೆಳಿಗ್ಗೆ ಅದರ ಬೆಳಕು ಬೀಳುವಲ್ಲಿ ಮೀನು ಬಿಟ್ಟ ಗಾಜಿನ ಭರಣಿ ಇಟ್ಟೆವು. ಬಿಸಿಲಿನಲ್ಲಿ ಮೀನುಗಳು ಫಳಫಳ ಹೊಳೆದಾಗ ಅಕ್ಕ ಚಪ್ಪಾಳೆ ತಟ್ಟಿದಳು. ಆಗ ಅಪ್ಪ ಹೇಳಿದರು.

“ಮಾವ ಹೇಳಿ ಕಳಿಸಿದ್ದಾರೆ. ಸುರತ್ಕಲ್ ಕಡೆಯ ಹುಡುಗನಂತೆ. ಒಳ್ಳೆಯ ಜನವಂತೆ.”

ಅಕ್ಕನ ಕೈ ಹಾಗೇ ನಿಂತಿತು. “ನನ್ನ ಪರೀಕ್ಷೆ?” ಎಂದಳು. ಅಪ್ಪ ಗಾಜಿನ ಹಂಚನ್ನು ನೋಡಿದರು.

ಮುಂದಿನ ವಾರ ಮಾವ ಬಂದರು. ಅವರನ್ನು ರಾಕ್ಷಸ ಮಾಡಿ ತೋರಿಸಿದರೆ ನನಗೆ ಸುಲಭ, ಆದರೆ ಅವರು ಹಾಗಿರಲಿಲ್ಲ. ನಗುಮುಖದವರು, ಬರುವಾಗಲೆಲ್ಲ ನಮಗೆ ಬಾಳೆಗೊನೆ ತರುವವರು. ಅಪ್ಪ ಕಾಫಿ ಕೊಟ್ಟು, ಚಾಪೆಯ ತುದಿಯಲ್ಲಿ ಕೂತು, ಹಿಂದಿನ ದಿನವೆಲ್ಲ ಬಾಯಲ್ಲಿ ತಿರುವಿಕೊಂಡಿದ್ದ ಮಾತನ್ನು ಆಡಿದರು. “ಒಂದು ವರ್ಷ ತಡೆದರೆ ಹೇಗೆ? ಹುಡುಗಿ ಕಲಿಯುವುದರಲ್ಲಿ ಜೋರು ಉಂಟು.”

“ನೀವು ಹೇಳುವುದು ಸರಿಯೇ ಭಾವ,” ಎಂದರು ಮಾವ. “ಆದರೆ ಮಾತು ಕೊಟ್ಟಾಯ್ತಲ್ಲ.”

ಅಷ್ಟಕ್ಕೆ ಮುಗಿಯಿತು. ಅಮ್ಮ ಬಾಗಿಲ ಹಿಂದೆ ಸೆರಗು ಹಿಡಿದು ನಿಂತಿದ್ದಳು, ಅಣ್ಣನಿಗೆ ಎದುರಾಡಿ ಅವಳಿಗೆ ಗೊತ್ತಿರಲಿಲ್ಲ. ಮಾವ ಏಳುವಾಗ ಭರಣಿ ನೋಡಿ ಬಗ್ಗಿದರು. “ಎಂತ ಚಂದ ಉಂಟು! ಯಾರು ಆರಿಸಿದ್ದು?”

“ಅವಳೇ,” ಎಂದರು ಅಪ್ಪ.

ಮದುವೆಯಾಗಿ ಅಕ್ಕ ಹೋದಳು. ಹೋಗುವಾಗ ಅತ್ತದ್ದಕ್ಕಿಂತ ಹೆಚ್ಚು ಹೊತ್ತು ನನಗೆ ಮೀನಿನ ಪಾಠ ಮಾಡಿದಳು: ಚಿಟಿಕೆಯಷ್ಟೇ ತಿಂಡಿ, ಒಮ್ಮೆಗೇ ಎಲ್ಲ ನೀರು ಬದಲಿಸಬಾರದು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಅಮ್ಮ ಭರಣಿಗೆ ಕುಚ್ಚಲಕ್ಕಿ ಅನ್ನ ಹಾಕಿದಳು. ಮಗಳು ಬಿಟ್ಟುಹೋದ ಜೀವಗಳು ಹಸಿದಿರಬಾರದು ಎಂದು ದಿನಾ ಒಂದು ಹಿಡಿ, ಗಂಜಿ ಸಮೇತ. ನೀರು ಬೆಳ್ಳಗಾಗಿ ನಾತ ಬಂತು, ಮೀನುಗಳು ಒಂದೊಂದಾಗಿ ಮೇಲೆ ತೇಲಿದವು. ನಾನು ರೇಗಿದೆ. “ಮನೆಯಲ್ಲಿರುವವರಿಗೆ ಅನ್ನ ಹಾಕದೆ ಇರುವುದುಂಟಾ?” ಎಂದು ಅಮ್ಮ ಅಳತೊಡಗಿದಳು. ಮೀನಿಗಾಗಿ ಅಲ್ಲ ಆ ಅಳು ಎಂದು ನನಗೂ ಗೊತ್ತಾಯಿತು. ಆಮೇಲೆ ಭರಣಿಯಲ್ಲಿ ಉಪ್ಪು ನೀರಿನ ಮಾವಿನಕಾಯಿ ಬಿತ್ತು.

ಕೆಲವು ವರ್ಷ ಕಳೆದು, ಅಕ್ಕ ಶಾಲೆ ಬಿಟ್ಟ ತರಗತಿಗೆ ನಾನೂ ಬಂದೆ. ಅಕ್ಕ ಮುಟ್ಟದ ಪರೀಕ್ಷೆಯನ್ನು ನಾನು ಮುಟ್ಟಿಯೇ ತೀರುತ್ತೇನೆ ಎಂದು ಹಟ ಹಿಡಿದು ಓದುತ್ತಿದ್ದೆ. ಅಪ್ಪನಿಗೂ ಅದೇ ಆಸೆ; ಹಂಚಿನ ಧೂಳು ಮೆತ್ತಿದ ಕೈಯಲ್ಲಿ ನನ್ನ ಪುಸ್ತಕ ಮುಟ್ಟದೆ ದೂರದಿಂದ ನೋಡಿ ಹೋಗುತ್ತಿದ್ದರು.

ಒಂದು ದಿನ ಶಾಲೆಯಿಂದ ಬಂದಾಗ ಆ ಭರಣಿ ಅಂಗಳದ ಕಟ್ಟೆಯ ಮೇಲೆ ಬೋರಲಾಗಿತ್ತು. ಯಾರೋ ಬೂದಿ ಹಾಕಿ ಚೆನ್ನಾಗಿ ತಿಕ್ಕಿ ತೊಳೆದಿದ್ದರು. ಮಾವಿನಕಾಯಿ ಬೇರೆ ಮಡಕೆಗೆ ಹೋಗಿತ್ತು. ಮಾವ ಮತ್ತೆ ಹೇಳಿ ಕಳಿಸಿದ್ದಾರೆ ಎಂದು ನನಗೆ ತಿಳಿದುಹೋಯಿತು.

ಅಪ್ಪ ಬೇಗ ಬಂದರು. “ಬಾ ಮಗಾ,” ಎಂದರು. “ಬಂದರಿನಲ್ಲಿ...”

“ನನಗೆ ಮೀನು ಬೇಡ!” ಎಂದೆ.

ಅಪ್ಪ ಹಾಲಿನ ಪಾತ್ರೆ ಹಿಡಿದು ಅಂಗಳದಲ್ಲೇ ನಿಂತರು, ಹೋಗಲೂ ಆಗದೆ ಒಳಗೆ ಬರಲೂ ಆಗದೆ. ನನಗೆ ಸಿಟ್ಟು ಬಂದಿತ್ತು. ಬೈಯುವುದಾದರೆ ಯಾರನ್ನು ಬೈಯಬೇಕು? ಆ ಪಾತ್ರೆ ಹಿಡಿದ ಕೈಯನ್ನು ನೋಡಲಾಗಲಿಲ್ಲ. ಚೀಲ ಒಳಗೆಸೆದು ಅವರ ಹಿಂದೆ ಹೊರಟೆ.

ಮುದುಕ ಇನ್ನೂ ಇದ್ದ. ಭರಣಿಗಳೂ ಇದ್ದವು, ಅವೇ ಕೆಂಪು, ಅವೇ ಕಪ್ಪು. ಅಪ್ಪ ಪಾತ್ರೆಯನ್ನು ಜಗಲಿಯ ಮೇಲಿಟ್ಟರು. “ನೀನೇ ಆರಿಸು. ನೀನು ಹೇಳಿದ್ದೇ.”

“ಇಲ್ಲ ಅಪ್ಪ,” ಎಂದೆ. “ಈ ಸಲ ನೀವು ಆರಿಸಿ. ನೀವು ಹೇಳಿದ್ದೇ.”

ಚುಚ್ಚಬೇಕೆಂದೇ ಹೇಳಿದ್ದೋ, ನಿಜವಾಗಿ ಅವರ ಕೈಗೆ ಒಮ್ಮೆಯಾದರೂ ಆರಿಸುವುದು ಬರಲಿ ಎಂದೋ, ನನಗೆ ಇವತ್ತಿಗೂ ತಿಳಿಯದು. ಅಪ್ಪ ಬಗ್ಗಿದರು. ಒಂದೊಂದು ಭರಣಿಯ ಮುಂದೆಯೂ ನಿಂತರು. ಕಾರ್ಖಾನೆಯಲ್ಲಿ ಕಣ್ಣು ಮುಚ್ಚಿಕೊಂಡು ಹಂಚು ಬೇರೆ ಮಾಡುವ ಮನುಷ್ಯ ಕೆಂಪಿನ ಭರಣಿಯ ಹತ್ತಿರ ಗೆಣ್ಣು ಮಡಿಸಿ ಕೈ ಎತ್ತಿದರು. ಗಾಜಿಗೆ ತಗಲುವ ಮೊದಲೇ ಆ ಕೈ ನಿಂತಿತು, ಮೆಲ್ಲಗೆ ಕೆಳಗಿಳಿಯಿತು.

“ಯಾವುದು ಧಣಿ?” ಎಂದು ಮುದುಕ ಕೇಳಿದ.

“ಯಾವುದಾದರೂ ಹಾಕು,” ಎಂದರು ಅಪ್ಪ. ನನ್ನ ಕಡೆ ತಿರುಗಲಿಲ್ಲ.

ಮುದುಕ ಹತ್ತಿರವಿದ್ದ ಭರಣಿಗೆ ಜಾಲರಿ ಇಳಿಸಿ, ಸಿಕ್ಕಿದ್ದನ್ನು ನಮ್ಮ ಪಾತ್ರೆಗೆ ಹಾಕಿದ.