ತುಂಬೆಯಂಗಳಕ್ಕೆ ಹೊಡೆಸಿದ ಔಷಧಿ

ಆ ಫೋನು ಮಾಡಿದ್ದು ನಾನು. ನಾಗರತ್ನಮ್ಮನವರ ದನಿಯಲ್ಲಿ, ಅವರ ಕೆಮ್ಮಿನ ಸಮೇತ, ಗುತ್ತಲಿನ ನಮ್ಮ ಬೀದಿಯ ಕಟ್ಟೆಯ ಮೇಲೆ ಕೂತು ಮಾಡಿದೆ. ಬೀದಿಯವರು ಇಷ್ಟು ವರ್ಷ ನಂಬಿರುವಂತೆ ಆಯಮ್ಮನಿಗೆ ಮರೆವು ಬಂದಿರಲಿಲ್ಲ — ನನಗೆ ಕೊಬ್ಬು ಬಂದಿತ್ತು.

ನಾನು ಎಂಥವನು ಎಂದು ಮೊದಲೇ ಹೇಳಿಬಿಡುತ್ತೇನೆ. ಡಿಗ್ರಿ ಎಳೆದಾಡಿ ಮುಗಿಸಿದವನು. ಸಲೀಸಾಗಿ ಬಂದ ವಿದ್ಯೆ ಒಂದೇ, ಕಂಡವರ ದನಿ ಎತ್ತಿಕೊಳ್ಳುವುದು. ಮಳವಳ್ಳಿ ಬಸ್ಸಿನ ಕಂಡಕ್ಟರು, ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವನು, ಕುಕ್ಕರಿನ ಸೀಟಿ, ಸುಳ್ಳು ಹೇಳುವ ಮುಂಚೆ ನಮ್ಮಪ್ಪ ಗಂಟಲು ಸರಿಮಾಡಿಕೊಳ್ಳುವ ರೀತಿ. ಕನ್ನಡಿಯ ಮುಂದೆ ನನ್ನನ್ನೇ ಅಣಕಿಸಿ ನೋಡಿದ್ದೇನೆ, ಚೆನ್ನಾಗಿ ಬರಲಿಲ್ಲ. ಮೂಲವೇ ಕಳಪೆ.

ನಾಗರತ್ನಮ್ಮ ನಮ್ಮ ಎದುರು ಮನೆಯವರು, ಅಂಗನವಾಡಿಯಿಂದ ನಿವೃತ್ತರಾದವರು. ಮನೆ ಮುಂದೆ ಅವರ ಗಂಡ ಹಾಕಿಸಿದ್ದ ಹುಲ್ಲುಹಾಸಿತ್ತು. ಚಪ್ಪಲಿ ಬಿಟ್ಟು ಕಾಲಿಟ್ಟರೂ ಆ ಯಜಮಾನರು ಬೈಯುತ್ತಿದ್ದರು. ಅವರು ತೀರಿಕೊಂಡ ವರ್ಷವೇ ಆಯಮ್ಮ ಗುದ್ದಲಿ ಹಿಡಿದು ಹುಲ್ಲನ್ನು ಚಾಪೆಯಂತೆ ಸುತ್ತಿ ಆಚೆ ಹಾಕಿದರು. ಆ ಜಾಗದಲ್ಲಿ ತುಂಬೆ, ಉತ್ತರಾಣಿ, ತಂಗಡಿ. ಗೋಡೆ ಬದಿಗೆ ಎಕ್ಕ. ಬೀಜವೆಲ್ಲ ತವರಾದ ದುದ್ದದ ಹೊಲದ ಬದುಗಳಲ್ಲಿ ಹುಡುಕಿ ತಂದದ್ದು. ಅಲ್ಲಿ ಕಬ್ಬಿಗೆ ಕಳೆ ಔಷಧಿ ಹೊಡೆದೂ ಹೊಡೆದೂ ತುಂಬೆ ಕಾಣುವುದೇ ಅಪರೂಪವಾಗಿತ್ತಂತೆ. ಜೇನುಹುಳ ಇನ್ನು ಯಾವ ಹೂವಿಗೆ ಹೋಗಬೇಕು ಎಂದು ಕೇಳಿದವರನ್ನೇ ಕೇಳುತ್ತಿದ್ದರು.

ನಮ್ಮ ಕಡೆ ಕಬ್ಬು, ಭತ್ತ, ರಾಗಿ ಬಿಟ್ಟು ತಾನಾಗಿ ಹುಟ್ಟಿದ್ದೆಲ್ಲ ಕಳೆಯೇ. ಬೀದಿಯವರು ಹಾವು ಬರುತ್ತದೆ ಅಂದರು, ಹುಚ್ಚು ಅಂದರು. ನಾನು ಸೊಂಟಕ್ಕೆ ಕೈಯಿಟ್ಟು, ಆಯಮ್ಮನ ದನಿಯಲ್ಲಿ, ಜೇನುಹುಳುಗಳಿಗೆ ಕಾಫಿಗೆ ಸಕ್ಕರೆ ಎಷ್ಟು ಎಂದು ವಿಚಾರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿಗಾಗಿ ನಾನು ಏನು ಬೇಕಾದರೂ —

ಮೊಮ್ಮಗುವಿನ ಕಿವಿ ಚುಚ್ಚಿಸುವ ಶಾಸ್ತ್ರಕ್ಕೆಂದು ಆಯಮ್ಮ ಹಲಗೂರಿನ ಮಗಳ ಮನೆಗೆ ಹೋದರು. ಗದ್ದೆಗಳಿಗೆ ಔಷಧಿ ಹೊಡೆಯುವ ಚಿಕ್ಕಣ್ಣ ಅವರ ಮನೆಯ ತೆಂಗಿನಕಾಯಿಯನ್ನೂ ಕೀಳುತ್ತಿದ್ದವನು. ಅವನನ್ನು ಯಾಮಾರಿಸಲು ನಿನ್ನಿಂದ ಆಗಲ್ಲ ಎಂದ ಗೆಳೆಯ ಮಹೇಶ. ಅಷ್ಟೇ ಸಾಕಾಯಿತು. ಮಹೇಶನ ಫೋನಿನಲ್ಲೇ ಮಾಡಿದೆ.

"ಚಿಕ್ಕಣ್ಣಾ, ನಾನು ಕಣಪ್ಪ. ಇದು ಬಸ್‌ಸ್ಟ್ಯಾಂಡಲ್ಲಿ ಯಾರ್ದೋ ಫೋನು. ನಾ ಬರೋ ಒತ್ಗೆ ಮುಂದ್ಗಡೆ ಕಳೆಗೆಲ್ಲಾ ಔಸ್ದಿ ಒಡ್ದುಬುಡು."

ಸಂಜೆ ಮತ್ತೆ ಫೋನು ಮಾಡಿ ಬೇಡ ಎನ್ನೋಣ ಎಂದುಕೊಂಡಿದ್ದೆ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಹಾಗೇನೂ ಅಂದುಕೊಂಡಿರಲಿಲ್ಲ. ಮರುದಿನ ಚಿಕ್ಕಣ್ಣ ಬೆನ್ನಿಗೆ ಕ್ಯಾನು ಏರಿಸಿಕೊಂಡು ಬಂದಾಗ ಕಿಟಕಿಯಲ್ಲಿ ನಿಂತು ನೋಡಿದೆ. ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ.

ಆಯಮ್ಮ ವಾಪಸು ಬರುವ ಹೊತ್ತಿಗೆ ಅಂಗಳವೆಲ್ಲ ಹಳದಿಗಟ್ಟಿ ಮಲಗಿತ್ತು. ಎಕ್ಕದ ಎಲೆ ತಿಂದು ಚಿಟ್ಟೆಯಾಗಬೇಕಿದ್ದ ಪಟ್ಟೆ ಪಟ್ಟೆ ಹುಳುಗಳು ಎಲೆ ಹುಡುಕುತ್ತಾ ಗೋಡೆ ಹತ್ತುತ್ತಿದ್ದವು. ಆಯಮ್ಮ ಅವನ್ನು ಒಂದೊಂದಾಗಿ ಮೊರಕ್ಕೆ ಎತ್ತಿಕೊಂಡು, ಇನ್ನೆಲ್ಲಾದರೂ ಎಕ್ಕ ಇದೆಯೇ ಎಂದು ಚರಂಡಿಯ ಗುಂಟ ನಡೆದುಹೋದರು. ಹುಳುಗಳನ್ನು ಹೆಸರು ಹಿಡಿದು ಕರೆಯುವ ಹಾಗೆ ನಾನು ಹಿಂದಿನಿಂದ ದನಿ ತೆಗೆದೆ. ಬೀದಿಯವರು ಅದಕ್ಕೂ ನಕ್ಕರು.

ಆಯಮ್ಮ ಚಿಕ್ಕಣ್ಣನನ್ನು ಕರೆಸಿ ಕೇಳಿದರು. ಅವನು ಎಲ್ಲರೆದುರು ಕೈಮುಗಿದು, "ನೀವೇ ಏಳಿದ್ರಲ್ಲವ್ವಾ, ನಿಮ್ದೇ ದನಿ" ಅಂದ. ನಾನೆಲ್ಲಿ ಹೇಳಿದೆ ಎಂದು ಆಯಮ್ಮ ರೇಗಿದರು. ಆಮೇಲೆ ತಡವರಿಸಿದರು. ಚಿಕ್ಕಣ್ಣ ಸುಳ್ಳು ಹೇಳುವವನಲ್ಲ, ಅದು ಅವರಿಗೂ ಗೊತ್ತು. ಆ ತಡವರಿಕೆಯನ್ನು ನಾನು ಕಣ್ಣಾರೆ ಕಂಡೆ — ತಮ್ಮ ತಲೆಯ ಮೇಲಿನ ನಂಬಿಕೆ ಒಬ್ಬರ ಮುಖದಿಂದ ಇಳಿದುಹೋಗುವುದನ್ನು.

ಮುಂದಿನದನ್ನು ಬೀದಿಯೇ ನೋಡಿಕೊಂಡಿತು. ಮರೆವಂತೆ, ಗಂಡ ಹೋದ ಮೇಲೆ ತಲೆ ಸಡಿಲವಾಯಿತಂತೆ. ಆಯಮ್ಮ ಗೇಟಿನವರೆಗೆ ಬಂದು, ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಒಳಗೆ ಓಡುತ್ತಿದ್ದರು. ಮತ್ತೆ ಗೇಟು, ಮತ್ತೆ ಒಳಗೆ. ನಾನು ಕಟ್ಟೆಯ ಮೇಲೆ ಅದನ್ನೂ ಆಡಿ ತೋರಿಸಿದೆ. ಮಗಳು ಹೆದರಿ ಹಲಗೂರಿಗೆ ಕರೆದುಕೊಂಡು ಹೋದಳು. ಮನೆಗೆ ಬಾಡಿಗೆಗೆ ಬಂದವರು ಅಂಗಳಕ್ಕೆ ಮತ್ತೆ ಹುಲ್ಲುಹಾಸು ಹಾಕಿಸಿದರು.

ಕಳೆದ ತಿಂಗಳು ಹಲಗೂರಿನ ಬಸ್ಸು ಹತ್ತಿದೆ. ಆಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಮ್ಮ ಒಲೆ ಹಚ್ಚುವಂತಿಲ್ಲ, ಆದರೂ ಕೂತಲ್ಲಿಂದ ಎದ್ದೆದ್ದು ಬಂದು ಗ್ಯಾಸಿನ ತಿರುಪು ಮುಟ್ಟಿ ನೋಡುತ್ತಾಳೆ ಎಂದು ಮಗಳು ಗೊಣಗಿ ಅಡುಗೆಮನೆಗೆ ಹೋದಳು.

ಹೇಳಿದೆ. ಆಯಮ್ಮ ನಂಬಲಿಲ್ಲ, ನಾನು ತಮ್ಮನ್ನು ಸಮಾಧಾನ ಮಾಡಲು ಬಂದವನೆಂದುಕೊಂಡರು. ಬೇರೆ ದಾರಿ ಕಾಣದೆ ಕೆಮ್ಮಿದೆ. ಚಿಕ್ಕಣ್ಣಾ, ನಾನು ಕಣಪ್ಪ ಎಂದು ಅವರ ದನಿಯಲ್ಲಿ ಅವರಿಗೇ ಹೇಳಿದೆ.

ಒಳಗಿನಿಂದ ಮಗಳು "ಏನವ್ವಾ, ಕರುದ್ಯಾ?" ಅಂದಳು.

ಆಯಮ್ಮನ ಕೈಯಲ್ಲಿದ್ದ ಕಾಯಿ ಅರ್ಧ ಸುಲಿದಲ್ಲೇ ನಿಂತಿತು. ಅಡುಗೆಮನೆಯ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಆಯಮ್ಮ ಮೊರವನ್ನು ಪಕ್ಕಕ್ಕಿಟ್ಟರು.

"ಗಿಡ ಮಳೆ ಬಿದ್ರೆ ಉಟ್ಕತವೆ, ಬುಡ್ಲಾ. ಗ್ಯಾಸ್ ಆರ್ಸಿದ್ನೋ ಇಲ್ವೋ ಅಂತ ಇಷ್ಟು ವರ್ಸ ಎದ್ದೆದ್ದು ನೋಡಿದ್ನಲ್ಲಾ — ಅದ್ನ ಯಾರ್ ದನೀಲಿ ವಾಪಸ್ ಕೊಟ್ಟೀಯೆ?"