ಬಿಚ್ಚಿಟ್ಟ ನಡುಕಟ್ಟು

ಅವರ ಬೆನ್ನಿನ ನಡುವೆ ಒಂದು ಬೆರಳು ಮುಳುಗುವಷ್ಟು ಆಳದ ಹಳ್ಳವಿತ್ತು. ಅದರ ಎರಡೂ ಬದಿಗೆ ಸ್ನಾಯುಗಳು ಹುರಿಹಗ್ಗದಂತೆ ಎದ್ದು ನಿಂತಿದ್ದವು. ಸಂಜೆ ಬಸ್ಸಿಳಿದು ಬಂದು ಅಂಗಿ ಕಳಚಿದರೆ, ಬೆವರು ಆ ಹಳ್ಳದಲ್ಲಿ ನೇರವಾಗಿ ಇಳಿದು ಸೊಂಟಕ್ಕೆ ಸುತ್ತಿದ ಕೆಂಪು ಬಟ್ಟೆಯ ನಡುಕಟ್ಟನ್ನು ತೋಯಿಸುತ್ತಿತ್ತು. ಗಾದಿಗನೂರಿನಲ್ಲಿ ಅವರದು ನಮ್ಮ ಎದುರುಮನೆ. ಸಂಡೂರಿನ ಗಣಿಯೊಂದರ ಉಗ್ರಾಣದಲ್ಲಿ ಅವರು ಹಮಾಲರು, ಅದೇ ಗಣಿಯ ಕಚೇರಿಯಲ್ಲಿ ನಾನು ಗುಮಾಸ್ತ. ನನಗಿಂತ ಆರು ವರ್ಷ ಹಿರಿಯರಾಗಿದ್ದೂ ಅವರು ನೆಟ್ಟಗೆ ನಡೆಯುತ್ತಿದ್ದರು. ನಾನು ನಲವತ್ತೈದಕ್ಕೇ ಬಾಗಿದ್ದೆ. ಅದಕ್ಕಾಗಿ ಅವರನ್ನು ಕ್ಷಮಿಸುವುದು ನನ್ನಿಂದಾಗಲಿಲ್ಲ.

"ಎದುರುಮನಿ ಅಣ್ಣಾರನ್ನ ನೋಡ್ರಿ. ನೀವು ನೋಡಿದ್ರ ಕುಡಗೋಲು ಆಗೀರಿ," ಎನ್ನುತ್ತಿದ್ದಳು ನನ್ನ ಹೆಂಡತಿ.

ಎಲ್ಲವೂ ಆ ನಡುಕಟ್ಟಿನ ಬಲವೆಂದು ಓಣಿಯೇ ನಂಬಿತ್ತು. ಹತ್ತು ಜನ ಹೇಳಿದ ಮಾತನ್ನು ಪರೀಕ್ಷಿಸದೆ ಒಪ್ಪುವವನಲ್ಲ ನಾನು. ಆದರೆ ಹೊಟ್ಟೆಕಿಚ್ಚು ನನ್ನ ಸಂಶಯವನ್ನೂ ಸುಟ್ಟಿತು. ಹೊಸಪೇಟೆಯ ಔಷಧದಂಗಡಿಯಿಂದ ಅಗಲವಾದ ಬೆಲ್ಟ್ ತಂದು, ಅವರಿಗಿಂತ ಬಿಗಿಯಾಗಿ ಕಟ್ಟಿಕೊಂಡೆ. ಊಟಕ್ಕೆ ಕುಳಿತಾಗಲೂ ಬಿಚ್ಚಲಿಲ್ಲ. ವರ್ಷ ಕಳೆದ ಮೇಲೆ ಒಂದು ದಿನ, ಸ್ನಾನಕ್ಕೆಂದು ಅದನ್ನು ತೆಗೆದಿಟ್ಟು ನೀರಿನ ಕೊಡ ಎತ್ತಿದವನು ಬಚ್ಚಲಲ್ಲೇ ಕುಸಿದೆ.

ನನ್ನನ್ನು ಎತ್ತಿ ಹಾಸಿಗೆಗೆ ತಂದವರು ಅವರೇ. ಅವರ ಸೊಂಟ ಬರಿದಾಗಿತ್ತು. ನಡುಕಟ್ಟು ಎಲ್ಲಿ ಎಂದು ನರಳುತ್ತಲೇ ಕೇಳಿದೆ.

"ಅದು ಬಸ್ಸಿನಾಗಷ್ಟ ರೀ, ಘಾಟಿನಾಗ ಕುಲುಕ್ತೈತಲ್ಲ. ಕೆಲಸದಾಗ ಬಿಚ್ಚಿ, ಮೂಟಿ ಹೊರಾಕ ತಲಿಮ್ಯಾಲೆ ಸಿಂಬಿ ಮಾಡ್ಕೊಂತೀನಿ."

ನಾನು ಚೇತರಿಸಿಕೊಂಡ ಮೇಲೆ ಅವರು ನನ್ನ ಅಂಗೈಯನ್ನು ತಮ್ಮ ಸೊಂಟದ ಮೇಲಿರಿಸಿ ತುಂಬಿದ ಕೊಡ ಎತ್ತಿದರು; ಸ್ನಾಯು ಕಲ್ಲಿನಂತೆ ಬಿಗಿಯಿತು. ನನ್ನ ಬೆಲ್ಟ್ ಕಟ್ಟಿಕೊಂಡು, ಅದರ ಅಂಚಿನೊಳಗೆ ನನ್ನ ಬೆರಳು ತೂರಿಸಿ ಮತ್ತೆ ಎತ್ತಿದರು. ಈ ಸಲ ಅಷ್ಟು ಬಿಗಿಯಲಿಲ್ಲ. ಅವರು ತಪ್ಪೆಂದು ಸಾಧಿಸುವ ಆಸೆಯಿಂದ ಏಳು ಸಲ ಎತ್ತಿಸಿದೆ.

"ಇನ್ನೂ ನಂಬಿಕಿ ಬರವಲ್ದೇನ್ರಿ ಗುಮಾಸ್ತರ? ನನಗ ಹಸಿವಾಗಾಕತ್ತೈತಿ. ಪಟ್ಟಿ ದುಡಿದ್ರ ನಡ ಯಾಕ ದುಡೀತೈತಿ? ದಿನಾ ಸ್ವಲ್ಪ ಸ್ವಲ್ಪ ಬಿಚ್ಚಿಡ್ರಿ."

ಎಲ್ಲರ ಸೊಂಟಕ್ಕೂ ಇದು ಸಲ್ಲುವುದೇ, ನಾನರಿಯೆ. ನನ್ನ ಬೆರಳಿಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ. ಚೊಂಬಿನಿಂದ ಮೊದಲುಮಾಡಿ, ಆರು ತಿಂಗಳಲ್ಲಿ ನನ್ನಿಂದ ಕೊಡ ಎತ್ತಿಸಿದರು. ಹೆಂಡತಿ ಅದಕ್ಕೂ ಅವರನ್ನೇ ಹೊಗಳಿದಳು. ಯಾರಾದರೂ ಕೇಳಿದರೆ, ನಾನೇ ಪುಸ್ತಕ ಓದಿ ವಾಸಿಮಾಡಿಕೊಂಡೆ ಎನ್ನುತ್ತಿದ್ದೆ. ಅದನ್ನು ಕೇಳಿಸಿಕೊಂಡರೂ ಅವರು ಒಮ್ಮೆಯೂ ನನ್ನ ಮಾತು ತಿದ್ದಲಿಲ್ಲ.

ಈ ವರ್ಷ ಅವರು ತೀರಿಕೊಂಡರು. ಅವರ ಮನೆತನದ ಪದ್ಧತಿಯಂತೆ ದೇಹವನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿ, ಬಾಗದಂತೆ ಎದೆಗೆ ಬಟ್ಟೆ ಕಟ್ಟಿದ್ದರು. ಈಗಲೂ ಎಷ್ಟು ನೆಟ್ಟಗೆ ಕುಳಿತಿದ್ದಾರೆ ಎಂದು ಜನ ಬೆರಗಾದರು. ಸಾವಿನಲ್ಲೂ ಅವರಿಗೇ ಆ ಹೊಗಳಿಕೆ ಸಂದಿತಲ್ಲ ಎಂದು ನನ್ನ ಒಳಗು ಉರಿಯಿತು. ಅವರನ್ನು ಕುಳ್ಳಿರಿಸಿ ಹೊತ್ತ ವಿಮಾನಕ್ಕೆ ಹೆಗಲು ಕೊಟ್ಟೆ. ರುದ್ರಭೂಮಿಯವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ.

"ಈ ವಯಸ್ಸಿನಾಗೂ ಗುಮಾಸ್ತರ ನಡ ಭಾಳ ಗಟ್ಟಿ ಐತಿ ಬಿಡ್ರಿ," ಎಂದರು ಪಕ್ಕದವರು.

"ಇವ್ರು ಮಾಡಿಕೊಟ್ಟಿದ್ದಪಾ ಇದು," ಎಂದೆ. ಇದನ್ನು ಬದುಕಿದ್ದ ಅವರ ಕಿವಿಗೆ ಬೀಳುವಂತೆ ಹೇಳಲು ನನಗೆ ಇಪ್ಪತ್ತೈದು ವರ್ಷಗಳಿದ್ದವು.